ಕಣ್ಣಿಲ್ಲದ ಕಾಡುಪಾಪ

ಪರದೆ ಸರಿಸಿದವಳು ನಾನೇ.

ಕೊಂಬೆಯ ಮೇಲೆ ಮುದುಡಿಕೊಂಡು ಮಲಗಿರಬೇಕಾಗಿದ್ದ ಕಾಡುಪಾಪ ಗೂಡಿನ ನೆಲದಲ್ಲಿ, ಒಣಹುಲ್ಲಿನ ಮೇಲೆ ಅಂಗಾತ ಬಿದ್ದಿತ್ತು. ಅದಕ್ಕೆ ಕಣ್ಣುಗಳಿರಲಿಲ್ಲ. ಕಣ್ಣಿದ್ದ ಕಡೆ ಎರಡು ದುಂಡನೆಯ ಕುಳಿಗಳು. ಸುತ್ತಲಿನ ತುಪ್ಪಳವೂ ಹೋಗಿ ಹಸಿ ಮಾಂಸ ಕಾಣುತ್ತಿತ್ತು.

ನನ್ನ ಬೆನ್ನ ಹಿಂದೆ ಸ್ವೆಟರು, ಮಂಕಿ ಕ್ಯಾಪು ತೊಟ್ಟ ಮಕ್ಕಳ ಉದ್ದನೆಯ ಸಾಲು. ಅವರ ಹಿಂದೆ ಅಪ್ಪ ಅಮ್ಮಂದಿರು. ಪರದೆಯನ್ನು ತಟ್ಟನೆ ಮತ್ತೆ ಎಳೆದೆ. ತಡವಾಗಿತ್ತು. ಮುಂದೆ ನಿಂತಿದ್ದ ಹುಡುಗಿಯೊಬ್ಬಳು ಕಿಟಾರನೆ ಕಿರುಚಿದಳು. ಯಾರದೋ ಮಗು ಅಲ್ಲೇ ವಾಂತಿ ಮಾಡಿತು. ನನಗೂ ಬೆಳಿಗ್ಗೆ ತಿಂದ ಅವರೆಕಾಳು ಉಪ್ಪಿಟ್ಟು ಗಂಟಲಿಗೆ ಬಂತು. ಹೇಗೋ ತಡೆದುಕೊಂಡೆ.

"ಏನಾಯ್ತು ಮೇಡಂ? ಸ್ವಲ್ಪ ಸರೀರಿ, ನೋಡೋಣ—"

ಹಿಂದಿದ್ದ ಗಂಡಸರು ಕತ್ತು ಚಾಚಿ ನುಗ್ಗತೊಡಗಿದರು. ಒಬ್ಬರಂತೂ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು, "ಕಾಣ್ತಾ ಇದೆಯೇನೋ? ಸರಿಯಾಗಿ ನೋಡೋ!" ಎನ್ನುತ್ತಿದ್ದರು. ಸತ್ತ ಪ್ರಾಣಿಗಿಂತ ಆ ಮಾತು ನನಗೆ ಹೆಚ್ಚು ಹೇಸಿಗೆ ತಂದಿತು.

"ಯಾರೂ ಮುಂದೆ ಬರಬೇಡಿ! ಮಕ್ಕಳನ್ನ ಮಾವಿನ ಮರದ ಕಡೆ ಕರ್ಕೊಂಡು ಹೋಗಿ!"

ಗುಂಪನ್ನು ಸೀಳಿಕೊಂಡು ಬಂದವರು ನನ್ನ ಮಾವ, ಗಂಡನ ತಂದೆ, ವೆಂಕಟಗಿರಿಯವರು. ಪೊಲೀಸ್ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ರಾಜಾಜಿನಗರದ ಮನೆಯಲ್ಲಿ ಪೇಪರು ಓದಿ ಓದಿ ಬೇಸತ್ತು, ಅಂದು ನನ್ನ ಜೊತೆ ಬಸ್ಸು ಹತ್ತಿದ್ದರು. ಪರದೆಯ ಒಳಗೆ ತಲೆ ಹಾಕಿ ನೋಡಿದರು.

"ಥೂ," ಎಂದರು. "ಜಲಜಾ, ಇದರ ಹತ್ತಿರ ಯಾರನ್ನೂ ಬಿಡಬೇಡಮ್ಮ."

ಅದು ಎಪ್ಪತ್ತೆಂಟರ ಡಿಸೆಂಬರ್. ಮೈಸೂರು ರಸ್ತೆಯಲ್ಲಿ ಜ್ಞಾನಭಾರತಿ ದಾಟಿ, ಕೆಂಗೇರಿಗೆ ಮುಂಚೆ ಒಂದು ಹಳೆಯ ಮಾವಿನ ತೋಪು. ಅದರೊಳಗೆ ಟ್ರಸ್ಟೊಂದು ನಡೆಸುತ್ತಿದ್ದ ಪುಟ್ಟ ಮೃಗಾಲಯ. ಹುಲಿ ಸಿಂಹಗಳಿಲ್ಲ. ಜಿಂಕೆ, ನವಿಲು, ಮೊಲ, ಆಮೆ, ಒಂದು ಹೆಬ್ಬಾವು, ಒಂದು ಕಾಡುಪಾಪ. ಆ ಚಳಿಗಾಲದಲ್ಲಿ ಟ್ರಸ್ಟಿನವರು 'ಕುಟುಂಬ ಭಾನುವಾರ' ಎಂದು ಶುರು ಮಾಡಿದ್ದರು. ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದಿಂದ ಸಂಸಾರ ಸಮೇತ ಜನ ಬರುತ್ತಿದ್ದರು. ಮಕ್ಕಳು ಜಿಂಕೆಗೆ ಸೊಪ್ಪು ತಿನ್ನಿಸುತ್ತಿದ್ದರು, ಮೊಲಗಳ ಗೂಡಿಗೆ ಬೆಚ್ಚಗೆ ಹುಲ್ಲು ಹಾಸುತ್ತಿದ್ದರು, ರಟ್ಟಿನಲ್ಲಿ ಪ್ರಾಣಿಗಳ ಮುಖವಾಡ ಮಾಡುತ್ತಿದ್ದರು. ಚಳಿಯಲ್ಲಿ ಹಾವು ಯಾಕೆ ಜಡವಾಗುತ್ತದೆ, ಚಿಟ್ಟೆಯ ಗೂಡಿನೊಳಗೆ ಏನು ನಡೆಯುತ್ತದೆ ಎಂದು ಪಾಠ ಕೇಳುತ್ತಿದ್ದರು. ಬಸವೇಶ್ವರನಗರದ ಶಾಲೆಯೊಂದರಲ್ಲಿ ಟೀಚರಾಗಿದ್ದ ನಾನು ಮುಖವಾಡದ ಮೇಜು ನೋಡಿಕೊಳ್ಳುತ್ತಿದ್ದೆ.

ಪಾಠ ಹೇಳುತ್ತಿದ್ದವರು ಚಕ್ರಪಾಣಿ. ಖಾಸಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲೆಕ್ಚರರ್. ಬಿಳಿ ಷರಟು, ಬೂದು ಬಣ್ಣದ ತೋಳಿಲ್ಲದ ಸ್ವೆಟರು, ಇಂಪಾದ ದನಿ. ಅವರು ಮಾತಾಡಲು ನಿಂತರೆ ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದರು. ಅದನ್ನು ನಾನೂ ಒಪ್ಪಿಕೊಳ್ಳಬೇಕು.

ಕಾಡುಪಾಪವೊಂದೇ ಅವರಿಗೆ ಕೈಕೊಟ್ಟಿದ್ದು. ಎರಡು ಅಂಗೈಯಷ್ಟಿರುವ ಪ್ರಾಣಿ, ಕಡ್ಡಿಯಂಥ ಕೈಕಾಲು, ಬಾಲವಿಲ್ಲ. ಮುಖದ ತುಂಬ ಕಣ್ಣೇ. ಆದರೆ ಅದು ಇರುಳಿನ ಜೀವ. ಹಗಲಿಡೀ ತಲೆಯನ್ನು ಎದೆಗೆ ಹುದುಗಿಸಿಕೊಂಡು ನಿದ್ದೆ. ಹಿಂದಿನ ಭಾನುವಾರ ಪರದೆ ಸರಿಸಿದಾಗ ಜನಕ್ಕೆ ಕಂಡಿದ್ದು ಉಣ್ಣೆಯ ಉಂಡೆ.

"ಇದೇನ್ ಸಾರ್, ನಮ್ಮಜ್ಜಿ ಶಾಲು ಸುತ್ತಿಟ್ಟಂಗಿದೆ!" ಎಂದು ಯಾರೋ ಕೂಗಿದ್ದರು. ಎಲ್ಲರೂ ನಕ್ಕಿದ್ದರು. ಟ್ರಸ್ಟಿನ ಕಾರ್ಯದರ್ಶಿ ಗೋಪೀನಾಥ್ ಕೂಡ. ಚಕ್ರಪಾಣಿಯವರ ಮುಖ ಕೆಂಪಾಗಿತ್ತು.

"ಮುಂದಿನ ವಾರ ಬನ್ನಿ. ಕಣ್ಣು ಬಿಟ್ಟಿರೋ ಕಾಡುಪಾಪನ್ನ ತೋರಿಸ್ತೀನಿ," ಎಂದಿದ್ದರು.

ಆಮೇಲೆ ಅದರ ಕಣ್ಣಿನ ಬಗ್ಗೆಯೇ ಮಾತಾಡಿದ್ದರು. ಅವಿದ್ಯಾವಂತರು ಔಷಧಿಗೆಂದು, ವಶೀಕರಣಕ್ಕೆಂದು ಅದರ ಕಣ್ಣು ಕೀಳುತ್ತಾರೆ ಎಂದು. ಆಗ ಕಸ ಗುಡಿಸುತ್ತಿದ್ದ ಮುನಿತಾಯಮ್ಮ ಪೊರಕೆ ಹಿಡಿದುಕೊಂಡೇ, "ಹೂಂ ಸ್ವಾಮಿ, ನಮ್ ಕಡೆ ಮುಂಚೆ ಕೊಡೋರು, ದೃಷ್ಟಿ ಮಂಜಾದೋರಿಗೆ," ಎಂದುಬಿಟ್ಟಿದ್ದಳು. ಅವಳು ಕೆಂಗೇರಿ ಪಕ್ಕದ ಹಳ್ಳಿಯವಳು, ಊರಿನಲ್ಲಿ ಬೇರು ನಾರು ಅರೆದು ಕೊಡುವವಳು. ಚಕ್ರಪಾಣಿ ಅವಳತ್ತ ಕೈ ತೋರಿಸಿ, "ನೋಡಿದಿರಾ?" ಎಂದು ಜನರನ್ನು ಕೇಳಿದ್ದರು. ಮತ್ತೆ ನಗು.

ಹಾಗಾಗಿ ಅಂದು ಯಾರಿಗೂ ಯೋಚಿಸುವ ಕೆಲಸವೇ ಇರಲಿಲ್ಲ.

ಆಫೀಸಿನಿಂದ ಫೋನು ಹೋಯಿತು. ಸಬ್‌ ಇನ್‌ಸ್ಪೆಕ್ಟರ್ ಜಗನ್ನಾಥ್ ಜೀಪಿನಲ್ಲಿ ಬಂದರು. ಬಂದವರೇ ಮಾವನನ್ನು ಕಂಡು ಸೆಲ್ಯೂಟ್ ಹೊಡೆದರು. ಹಿಂದೆ ಅವರ ಕೈಕೆಳಗೆ ಕೆಲಸ ಮಾಡಿದ್ದವರು. ಕಾನ್‌ಸ್ಟೇಬಲ್ ಮೇವಿನ ಕೋಣೆಗೆ ಹೋಗಿ, ಮೊಳೆಗೆ ನೇತುಹಾಕಿದ್ದ ಮುನಿತಾಯಮ್ಮನ ಬುಟ್ಟಿಯನ್ನು ತಂದು ಸುರಿದ. ಎಲೆ ಅಡಿಕೆ ಚೀಲ, ರಾಗಿಮುದ್ದೆಯ ಗಂಟು, ಒಂದಿಷ್ಟು ಸೊಪ್ಪು. ಅದರ ನಡುವೆ ಮೃಗಾಲಯದ ಹಣ್ಣು ಹೆಚ್ಚುವ ಚಾಕು. ಅಲಗಿಗೆ ರಕ್ತ. ರಕ್ತಕ್ಕೆ ಅಂಟಿದ ಬೂದು ಕೂದಲು.

"ಅಯ್ಯೋ, ನನ್ ಬುಟ್ಟೀಗೆ ಯಾರಿಟ್ರು ಇದನ್ನ?" ಮುನಿತಾಯಮ್ಮ ಎದೆ ಬಡಿದುಕೊಂಡಳು. "ನಾನ್ಯಾಕ್ ಮಾಡ್ಲಿ ಸ್ವಾಮಿ? ಕೂಸಿನಂಗೆ ಇತ್ತು ಅದು—"

"ಸುಮ್ನಿರಮ್ಮ!" ಕಾನ್‌ಸ್ಟೇಬಲ್ ಗದರಿದ.

"ಈ ಹಳ್ಳಿ ಜನಾನ ಒಳಗೆ ಸೇರಿಸಿದ್ದೇ ತಪ್ಪು," ಎಂದರು ಶಾಲು ಹೊದ್ದ ಹೆಂಗಸೊಬ್ಬರು. "ನಮ್ಮ ಮಕ್ಕಳ ಕೈಗೆ ಇವಳೇ ಸೊಪ್ಪು ಕೊಡ್ತಿದ್ಲು ನೋಡಿ! ಥೂ, ಕೈ ತೊಳ್ಕೋ ಬಾರೋ," ಎಂದು ಮಗನನ್ನು ಎಳೆದುಕೊಂಡು ಹೋದರು.

ಚಕ್ರಪಾಣಿ ಮರದ ಕೆಳಗೆ ಮಕ್ಕಳನ್ನು ಕೂರಿಸಿಕೊಂಡು ಮೂಢನಂಬಿಕೆ ಎಂದರೇನು ಎಂದು ವಿವರಿಸುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು. "ಅಜ್ಞಾನ ಮಕ್ಕಳೇ, ಅಜ್ಞಾನಕ್ಕಿಂತ ಕ್ರೂರವಾದ ಪ್ರಾಣಿ ಯಾವ ಝೂನಲ್ಲೂ ಇಲ್ಲ," ಎನ್ನುತ್ತಿದ್ದರು.

ಮಾವ ಮುನಿತಾಯಮ್ಮನ ಹತ್ತಿರ ಹೋದರು.

"ಅದನ್ನ ಕೊನೇಲಿ ಯಾವಾಗ ನೋಡ್ದೆಯಮ್ಮ?"

"ಬೆಳಿಗ್ಗೆ ಗುಡಿಸೋಕ್ ಬಂದಾಗ ಸ್ವಾಮಿ. ಕೊಂಬೆ ಮ್ಯಾಗೆ ಮಲಗಿತ್ತು. ಮಲಗಿರೋದನ್ನ ಎಬ್ಬಿಸಬಾರ್ದು ಅಂತ ಪರದೆ ಎಳ್ದು ಬಂದೆ."

"ಆಮೇಲೆ ಆ ಕಡೆ ಹೋಗಲಿಲ್ವಾ?"

"ಇಲ್ಲ. ನವಿಲಿನ ಕಡೆ ಇದ್ದೆ."

"ನವಿಲಿನ ಕಡೆ ಇದ್ದದ್ದನ್ನ ಯಾರಾದ್ರೂ ನೋಡಿದಾರಾ?"

ಅವಳು ತಲೆಯಲ್ಲಾಡಿಸಿದಳು. ಯಾರೂ ನೋಡಿರಲಿಲ್ಲ. ಜೀಪು ಅವಳನ್ನು ಹತ್ತಿಸಿಕೊಂಡು ಠಾಣೆಗೆ ಹೊರಟಿತು. ಕೆಲವರು ಚಪ್ಪಾಳೆ ತಟ್ಟಿದರು. ಹೌದು, ಚಪ್ಪಾಳೆ. ಮನೆಯಲ್ಲಿ ಹಬ್ಬಕ್ಕೆ ಬಾಗಿನ ಕೊಡುವ, ಮಕ್ಕಳಿಗೆ ಶ್ಲೋಕ ಹೇಳಿಕೊಡುವ ಜನ.

"ಕೇಸ್ ಮುಗೀತು ಸಾರ್," ಎಂದರು ಜಗನ್ನಾಥ್.

"ಅಷ್ಟು ಬೇಗನಾ?" ಮಾವ ಕೇಳಿದರು. "ಊಟದ ಹೊತ್ತಿನವರೆಗೆ ನನಗೆ ಬಿಡಿ. ಬೆಳಿಗ್ಗೆ ಗೇಟು ತೆಗೆಯೋಕೆ ಮುಂಚೆ ಒಳಗಿದ್ದೋರು ಯಾರು ಯಾರು?"

ನಾಲ್ಕೇ ಜನ. ಗೇಟಿನ ಗುಡಿಸಲಲ್ಲಿ ಮಲಗುವ ಕಾವಲುಗಾರ ಚಿಕ್ಕಣ್ಣ, ಮುನಿತಾಯಮ್ಮ, ಕಾರಿನಲ್ಲಿ ಬಂದಿದ್ದ ಗೋಪೀನಾಥ್, ಸ್ಕೂಟರಿನಲ್ಲಿ ಬಂದಿದ್ದ ಚಕ್ರಪಾಣಿ.

ಮಾವ ಮೊದಲು ಸತ್ತ ಪ್ರಾಣಿಯನ್ನು ಮೇವಿನ ಕೋಣೆಯ ಮೇಜಿನ ಮೇಲೆ ಇಡಿಸಿದರು. ನನ್ನನ್ನು ಒಳಗೆ ಕರೆದರು.

"ನನ್ನ ಕಣ್ಣು ಹತ್ತಿರದ್ದು ಹಿಡಿಯಲ್ಲ. ನೀನು ನೋಡಿ ಹೇಳಮ್ಮ. ಆಗುತ್ತಾ?"

ಆಗುವುದಿಲ್ಲ ಎನ್ನಬೇಕೆನಿಸಿತು. ಆದರೂ ಸೆರಗನ್ನು ಮೂಗಿಗೆ ಒತ್ತಿ ಬಗ್ಗಿದೆ. ನೊಣಗಳು ಆಗಲೇ ಮುತ್ತಿದ್ದವು.

"ಹುಲ್ಲಿನ ಮೇಲೆ ರಕ್ತ ಎಷ್ಟಿತ್ತು?"

"ಹೆಚ್ಚೇನೂ ಇರಲಿಲ್ಲ ಮಾವ. ಕಲೆ ಅಷ್ಟೆ."

"ರೆಪ್ಪೆ?"

"ರೆಪ್ಪೆಗಳೇ ಇಲ್ಲ. ಹುಬ್ಬಿನ ತನಕ ಚರ್ಮಾನೂ ತೆಗೆದಿದಾರೆ. ಅಂಚು ಎಷ್ಟು ದುಂಡಗಿದೆ ಅಂದ್ರೆ... ಕಾಗದ ಕತ್ತರಿಸಿದ ಹಾಗೆ."

"ಕೈ?"

"ಮುಷ್ಟಿ ಬಿಗಿ ಹಿಡಿದಿದೆ. ಸಾಯೋವಾಗ ಸಂಕಟಕ್ಕೆ ಹಿಡ್ಕೊಂಡಿರಬೇಕು."

"ಬಿಡಿಸು."

ಆ ಬೆರಳುಗಳು ಹಸುಗೂಸಿನ ಬೆರಳಿನಂತಿದ್ದವು. ಅಷ್ಟೇ ಸಣ್ಣ, ಅಷ್ಟೇ ಸ್ಪಷ್ಟವಾದ ಉಗುರುಗಳು. ಎಳೆದೆ, ಬಿಡಲಿಲ್ಲ. ಮಾವ ಕಾಫಿ ಅಂಗಡಿಯಿಂದ ಬಿಸಿ ನೀರು ತರಿಸಿ, ಆ ಕೈಯನ್ನು ಲೋಟದಲ್ಲಿ ಅದ್ದಿ ಹಿಡಿದರು. ಆಗಲೂ ಬಿಡಲಿಲ್ಲ. ಬಗ್ಗಿ ಮೂಸಿ ನೋಡಿದರು. ನನ್ನ ಮುಖವನ್ನೂ ನೋಡಿದರು. ಕೈ ತೊಳೆಯಲು ಎದ್ದರು. ಸೋಪು ಹಚ್ಚಿ ಬಹಳ ಹೊತ್ತು ತೊಳೆದರು.

ಮೊದಲು ಬಂದವನು ಚಿಕ್ಕಣ್ಣ. ತಲೆಗೆ ಟವೆಲು ಸುತ್ತಿದ್ದ. ಬೀಡಿಯ ವಾಸನೆ.

"ನಿಜ ಹೇಳ್ತೀನಿ ಸಾರ್. ಹೋದ ತಿಂಗಳು ಒಬ್ಬ ಬಂದು ಕೇಳಿದ್ದ, ಕಾಡುಪಾಪ ಕೊಡ್ತೀಯಾ ಅಂತ. ಓಡ್ಸಿಬಿಟ್ಟೆ."

"ಯಾರಿಗೂ ಹೇಳಲಿಲ್ಲ?"

"ನನ್ನೇ ಅನುಮಾನ ಪಟ್ಟಾರು ಅಂತ..."

"ಅವನು ಕಣ್ಣು ಕೇಳಿದ್ನಾ, ಪ್ರಾಣಿ ಕೇಳಿದ್ನಾ?"

"ಪ್ರಾಣೀನೇ ಸಾರ್. ಜೀವಂತ. ಸತ್ರೆ ಅದರ ಶಕ್ತಿ ಹೋಗ್ತದಂತೆ."

"ಬೆಳಿಗ್ಗೆ ಎಲ್ಲಿದ್ದೆ?"

"ಕಾಫಿ ಅಂಗಡಿಗೆ ಹಾಲಿನ ಕ್ಯಾನ್ ತರೋಕೆ ರೋಡಿಗೆ ಹೋಗಿದ್ದೆ. ಬಂದಾಗ ಎಲ್ರೂ ಅವರವರ ಕೆಲಸದಲ್ಲಿದ್ರು."

ಎರಡನೆಯವರು ಗೋಪೀನಾಥ್. ಸಿಲ್ಕ್ ಜುಬ್ಬ, ಬೆರಳಿಗೆ ಹರಳಿನ ಉಂಗುರ. ಕೂರುವ ಮೊದಲೇ ಶುರು ಮಾಡಿದರು.

"ಏನ್ ಸಾರ್ ಇದು, ಒಂದು ಅಳಿಲಿನಷ್ಟು ಪ್ರಾಣಿಗೆ ಇಷ್ಟೊಂದು ರಾದ್ಧಾಂತ? ಇನ್ನೊಂದು ತರಿಸೋಣ. ಮಧ್ಯಾಹ್ನ ಶಿಕ್ಷಣ ಇಲಾಖೆಯ ಸಾಹೇಬ್ರು ಬರ್ತಾ ಇದಾರೆ. ಇಲ್ಲೊಂದು ಕಲಿಕಾ ಕೇಂದ್ರ ಮಾಡೋ ಮಾತಿದೆ."

"ಈ ತೋಪನ್ನ ಲೇಔಟ್ ಮಾಡಿಸಿ ಸೈಟು ಹಾಕಿಸ್ತೀರಿ ಅಂತಲೂ ಮಾತಿದೆಯಲ್ಲ?"

ಗೋಪೀನಾಥರ ಉಂಗುರ ತಿರುಗತೊಡಗಿತು. "ಯಾರ್ ಹೇಳಿದ್ದು? ಬಾಯಿಗೆ ಬಂದಂಗೆ ಆಡ್ತಾರೆ. ಹಾಗೆ ಮಾಡೋ ಹಾಗಿದ್ರೆ ಸಾಹೇಬ್ರನ್ನ ಯಾಕೆ ಕರೀಲಿ?"

"ಕಲಿಕಾ ಕೇಂದ್ರ ಆದ್ರೆ ಅದರ ಮುಖ್ಯಸ್ಥರು ಯಾರು?"

"ಚಕ್ರಪಾಣಿ. ಕಾಲೇಜು ಬಿಟ್ಟು ಬರೋಕೆ ತುದಿಗಾಲಲ್ಲಿ ನಿಂತಿದಾರೆ. ಕಾರ್ಯಕ್ರಮ ಸಾಹೇಬ್ರಿಗೆ ಹಿಡಿಸಿದ್ರೆ ಮಾತ್ರ. ಹೋದ ವಾರದ ಹಾಗೆ ಜನ ನಕ್ಕರೆ ನಾನೂ ಏನೂ ಮಾಡಕ್ಕಾಗಲ್ಲ ಅಂತ ಹೇಳಿದ್ದೆ." ಗಡಿಯಾರ ನೋಡಿಕೊಂಡು ಎದ್ದರು. "ಆ ಹೆಣಾನ ಬೇಗ ಎಲ್ಲಾದ್ರೂ ಎಸೆಸಿಬಿಡಿ ಸಾರ್. ವಾಸನೆ ಬರುತ್ತೆ."

ಅವರು ಹೋದ ಮೇಲೂ ಅತ್ತರಿನ ವಾಸನೆ ಕೋಣೆಯಲ್ಲೇ ಇತ್ತು. ನೊಣ ಮುತ್ತಿದ ಹೆಣಕ್ಕಿಂತ ಅದೇ ನನಗೆ ಅಸಹ್ಯವಾಯಿತು.

ಕೊನೆಗೆ ಚಕ್ರಪಾಣಿ. ಬಂದವರೇ ನನ್ನ ಕಡೆ ತಿರುಗಿ, "ನೀವು ಪರದೆ ಸರಿಸಿದ್ದು ದುರದೃಷ್ಟ ಮೇಡಂ. ಪಾಪ, ಮಕ್ಕಳ ಮನಸ್ಸಿಗೆ ಎಂಥಾ ಪೆಟ್ಟು," ಎಂದರು.

"ಕೂತ್ಕೊಳ್ಳಿ ಮೇಷ್ಟ್ರೇ," ಎಂದರು ಮಾವ. "ಬೆಳಿಗ್ಗೆ ಬಂದು ಏನು ಮಾಡಿದಿರಿ?"

"ಷೆಡ್ಡಿನಲ್ಲಿ ನನ್ನ ಚಿಟ್ಟೆಗಳ ಪೆಟ್ಟಿಗೆ ಜೋಡಿಸ್ತಾ ಇದ್ದೆ. ಒಂದೆರಡು ರೆಕ್ಕೆ ಕಿತ್ತುಹೋಗಿದ್ವು, ಸರಿ ಮಾಡ್ದೆ."

"ಕಾಡುಪಾಪದ ಕಡೆ?"

"ಹೋಗಲೇ ಇಲ್ಲ."

"ಇವತ್ತು ಕಣ್ಣು ಬಿಡಿಸಿ ತೋರಿಸ್ತೀನಿ ಅಂದಿದ್ರಂತೆ. ಹೇಗೆ ಬಿಡಿಸ್ತಿದ್ರಿ?"

ಚಕ್ರಪಾಣಿ ಸ್ವೆಟರು ಸರಿಮಾಡಿಕೊಂಡರು.

"ಬಾಳೆಹಣ್ಣು ತೋರಿಸಿದ್ರೆ ಎದ್ದೇಳುತ್ತೆ ಸಾರ್. ಒಂದು ಟೆಕ್ನಿಕ್ ಅಷ್ಟೆ."

"ಹೌದಾ? ಹೋದ ವಾರ ಬಾಳೆಹಣ್ಣು ಸಿಗಲಿಲ್ವಾ?"

ಚಕ್ರಪಾಣಿ ನಕ್ಕರು. "ಸಾರ್, ನೀವು ನನ್ನ ಮೇಲೆ ಅನುಮಾನ ಪಡ್ತಿದೀರಾ? ರಕ್ತ ಅಂಟಿದ ಚಾಕು ಸಿಕ್ಕಿದೆ. ಆ ಹೆಂಗಸು ಎಲ್ಲರ ಮುಂದೆ ಒಪ್ಕೊಂಡಿದಾಳೆ, ಅವರ ಕಡೆ ಕಣ್ಣನ್ನ ಔಷಧಿಗೆ ಬಳಸ್ತಾರೆ ಅಂತ. ಇನ್ನೇನು ಬೇಕು?"

"ಏನೂ ಬೇಡ. ಸುಮ್ನೆ ಕೇಳ್ದೆ." ಮಾವ ಅವರ ಕೈ ನೋಡಿದರು. "ಕೈಗವಸು ಚೆನ್ನಾಗಿದೆ. ಮನೇಲಿ ಹೆಣೆದದ್ದಾ?"

ಬೂದು ಉಣ್ಣೆಯ ಕೈಗವಸು. ಬೆಳಿಗ್ಗೆಯಿಂದಲೂ ಹಾಕಿಕೊಂಡಿದ್ದರು. ನಾನೂ ನೋಡಿದ್ದೆ, ಲಕ್ಷ್ಯ ಕೊಟ್ಟಿರಲಿಲ್ಲ.

"ಸ್ಕೂಟರ್ ಓಡಿಸ್ತೀನಲ್ಲ. ಮೈಸೂರು ರೋಡಿನ ಗಾಳಿ ಸಾರ್, ಕೊರೆಯುತ್ತೆ."

ಹೊರಗೆ ಆಗಲೇ ಬಿಸಿಲು ಏರಿತ್ತು. ಅಂಗಳದಲ್ಲಿ ಮಕ್ಕಳು ಸ್ವೆಟರು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿದ್ದರು.

ಮಾವ ಎದ್ದು, ಎಲ್ಲರನ್ನೂ ಆಫೀಸಿಗೆ ಬರಹೇಳಿದರು. ಜಗನ್ನಾಥ್, ಗೋಪೀನಾಥ್, ಚಿಕ್ಕಣ್ಣ, ಚಕ್ರಪಾಣಿ, ನಾನು. ಮೇಜಿನ ಮೇಲೆ ಟವೆಲು ಮುಚ್ಚಿದ ಆ ಸಣ್ಣ ಶರೀರ. ಪಕ್ಕದಲ್ಲಿ ಮುಖವಾಡದ ಮೇಜಿನಿಂದ ನನ್ನ ಕೈಯಲ್ಲೇ ತರಿಸಿದ ಅಂಟಿನ ಬಟ್ಟಲು, ಮತ್ತು ಒಂದು ಲೋಟ ಬಿಸಿ ನೀರು.

"ಜಗನ್ನಾಥ್," ಎಂದರು ಮಾವ, "ಇದರ ಕಣ್ಣು ಯಾಕೆ ಕಿತ್ತರು?"

"ಔಷಧಿಗೆ ಸಾರ್."

"ಎಲ್ಲರೂ ಅದನ್ನೇ ಹೇಳ್ತಿದಾರೆ. ಕಣ್ಣು ಬೇಕಾದವನು ಪ್ರಾಣೀನ ಹೊತ್ಕೊಂಡು ಹೋಗ್ತಾನೆ. ಚಿಕ್ಕಣ್ಣನ ಹತ್ತಿರ ಬಂದವನು ಜೀವಂತ ಬೇಕು ಅಂದಿದ್ದ. ಇವನು ಇಲ್ಲೇ ಕೂತು ಕತ್ತರಿಸಿ, ಹೆಣಾನ ಎಲ್ಲರಿಗೂ ಕಾಣೋ ಹಾಗೆ ಬಿಟ್ಟು ಹೋಗಿದಾನೆ. ಅದೂ ಸತ್ತ ಮೇಲೆ ಕತ್ತರಿಸಿದ್ದು. ಜೀವ ಇದ್ದಾಗ ಕತ್ತರಿಸಿದ್ರೆ ಹುಲ್ಲೆಲ್ಲ ರಕ್ತ ಆಗಬೇಕಿತ್ತು. ಆಗಿಲ್ಲ."

"ಹಾಗಾದ್ರೆ ಸತ್ತಿದ್ದು ಹೇಗೆ?"

"ಅದಕ್ಕೆ ಬರ್ತೀನಿ. ಕಣ್ಣಿನ ಗುಡ್ಡೆ ಮಾತ್ರ ಬೇಕಾದವನಿಗೆ ರೆಪ್ಪೆ ಯಾಕೆ? ಹುಬ್ಬಿನ ಚರ್ಮ ಯಾಕೆ? ಅದನ್ನ ಯಾವ ಔಷಧಿಗೆ ಅರೀತಾರೆ? ಇವನಿಗೆ ಬೇಕಾಗಿದ್ದು ಕಣ್ಣಲ್ಲ ಜಗನ್ನಾಥ್. ಇವನಿಗೆ ಬೇಡವಾಗಿದ್ದು ರೆಪ್ಪೆ. ಆ ರೆಪ್ಪೆ ಮೇಲೆ ಯಾರೂ ನೋಡಬಾರದ ಗುರುತು ಒಂದಿತ್ತು."

ಗೋಪೀನಾಥ್ ಉಂಗುರ ತಿರುಗಿಸುವುದನ್ನು ನಿಲ್ಲಿಸಿದರು.

ಮಾವ ಟವೆಲು ಸರಿಸಿ, ಆ ಪುಟ್ಟ ಕೈಯನ್ನು ಎತ್ತಿ ತೋರಿಸಿದರು.

"ಇದನ್ನ ನಾವೆಲ್ಲರೂ ನೋಡಿದ್ವಿ, ಯಾರಿಗೂ ಕಾಣಲಿಲ್ಲ. ಸಾಯೋ ಸಂಕಟಕ್ಕೆ ಮುಷ್ಟಿ ಹಿಡಿದಿದೆ ಅಂದ್ಕೊಂಡ್ವಿ. ಇದು ಮುಷ್ಟಿ ಹಿಡಿದಿಲ್ಲ. ಬೆರಳುಗಳು ಅಂಟಿಕೊಂಡಿವೆ. ಒಂದಕ್ಕೊಂದು ಅಂಟಿ, ಅಂಗೈಗೆ ಅಂಟಿ, ಮಧ್ಯೆ ಇದರದ್ದೇ ಹುಬ್ಬಿನ ಕೂದಲು ಸಿಕ್ಕಿಕೊಂಡಿದೆ. ಅಂಟು ಹಚ್ಚಿದ ಕಣ್ಣನ್ನ ಎರಡೂ ಕೈಯಲ್ಲಿ ಉಜ್ಜಿಕೊಂಡರೆ ಹೀಗಾಗುತ್ತೆ."

"ಅಂಟಾ?" ಜಗನ್ನಾಥ್ ಮುಖ ಕಿವುಚಿದರು. "ಕಣ್ಣಿಗೆ ಅಂಟು ಯಾಕೆ ಸಾರ್?"

"ರೆಪ್ಪೆ ಎತ್ತಿ ಹುಬ್ಬಿಗೆ ಅಂಟಿಸಿದ್ರೆ ಹಗಲಲ್ಲೂ ಕಣ್ಣು ಬಿಟ್ಕೊಂಡೇ ಇರುತ್ತಲ್ಲ! ಜನ ನಗಲ್ಲ. ಸಾಹೇಬ್ರೂ ಮೆಚ್ಕೋತಾರೆ."

ಕತ್ತಲಲ್ಲಿ ನೋಡಲೆಂದೇ ಇರುವ ಆ ಕಣ್ಣುಗಳನ್ನು ಬಲವಂತವಾಗಿ ಬಿಡಿಸಿ, ಹಗಲಿನ ಬೆಳಕಿಗೆ ಒಡ್ಡಿ... ಅದರ ಕೈಗಳು ರೆಪ್ಪೆ ಮುಚ್ಚಲು ಹೆಣಗುತ್ತ, ಹೆಣಗುತ್ತ...

"ಅಂಟು ಮಕ್ಕಳ ಮೇಜಿನ ಮೇಲೂ ಇತ್ತಲ್ಲ," ಎಂದರು ಚಕ್ರಪಾಣಿ. ದನಿಯ ಇಂಪು ಹೋಗಿತ್ತು. "ಯಾರು ಬೇಕಾದ್ರೂ ತಗೋಬಹುದಿತ್ತು."

"ಇತ್ತು. ಅದನ್ನ ನನ್ನ ಸೊಸೆ ಮನೇಲಿ ಮೈದಾ ಕಾಯಿಸಿ ಮಾಡಿದ್ದು." ಮಾವ ಆ ಅಂಟಿನಿಂದ ಜೋಡಿಸಿ ಒಣಗಿಸಿದ್ದ ಮುಖವಾಡದ ರಟ್ಟಿನ ಚೂರೊಂದನ್ನು ಬಿಸಿ ನೀರಿಗೆ ಹಾಕಿದರು. ನೋಡುತ್ತಿದ್ದಂತೆ ರಟ್ಟು ಬಿಟ್ಟುಕೊಂಡು ಎರಡಾಯಿತು. "ಬಿಸಿ ನೀರಿಗೆ ಕರಗುತ್ತೆ. ಆ ಬೆರಳುಗಳನ್ನ ನಾವು ಎಷ್ಟು ನೆನೆಸಿದ್ರೂ ಬಿಡಲಿಲ್ಲ. ಅದರಲ್ಲಿ ಪೆಟ್ರೋಲಿನ ಹಾಗೆ ಘಾಟು ವಾಸನೆ ಬೇರೆ. ಟ್ಯೂಬಿನಲ್ಲಿ ಬರೋ ಅಂಟು. ನಿಮ್ಮ ಚಿಟ್ಟೆ ಪೆಟ್ಟಿಗೆಯಲ್ಲಿ ಈಗ ಹೋಗಿ ಮೂಸಿ ಬಂದೆ ಮೇಷ್ಟ್ರೇ. ಕಿತ್ತುಹೋದ ರೆಕ್ಕೆಯನ್ನ ಅದರಲ್ಲೇ ತಾನೇ ಅಂಟಿಸಿದ್ದು?"

"ಅದು ಯಾವ ಅಂಗಡೀಲಿ ಬೇಕಾದ್ರೂ ಸಿಗುತ್ತೆ!"

"ಸಿಗುತ್ತೆ. ಕೈಗವಸು ಬಿಚ್ಚಿ."

"ಯಾಕೆ ಬಿಚ್ಚಬೇಕು?"

"ನಾನು ಮುದುಕ, ಮಫ್ಲರ್ ಸುತ್ಕೊಂಡಿದ್ದೆ, ನಾನೇ ತೆಗೆದುಬಿಟ್ಟೆ. ನಿಮಗೆ ಇನ್ನೂ ಚಳಿಯಾ? ಬಿಚ್ಚಿ ಅಂದೆ."

ಚಕ್ರಪಾಣಿ ಬಾಗಿಲ ಕಡೆ ನೋಡಿದರು. ಚಿಕ್ಕಣ್ಣ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ. ಜಗನ್ನಾಥ್ ಎದ್ದು ಬಂದು ಬಲಗೈಯ ಕೈಗವಸನ್ನು ಎಳೆದರು. ಅದು ಸುಲಭವಾಗಿ ಬರಲಿಲ್ಲ. ಬಂದಾಗ ಚಕ್ರಪಾಣಿ ನೋವಿನಿಂದ ಕೂಗಿದರು. ಹೆಬ್ಬೆರಳು ಊದಿಕೊಂಡು ನೀಲಿಯಾಗಿತ್ತು. ಸೂಜಿ ಚುಚ್ಚಿದಂಥ ಹಲ್ಲಿನ ಗುರುತುಗಳು, ಸುತ್ತಲೂ ಹೆಪ್ಪುಗಟ್ಟಿದ ರಕ್ತ. ಬೆರಳ ತುದಿಗಳಲ್ಲಿ ಹೊಳೆಯುವ ಅಂಟಿನ ಪೊರೆ. ಅದರಲ್ಲಿ ಬೂದು ಕೂದಲು.

"ಕೊನೆಗೊಂದು ಸಲ ಕಚ್ಚಿದೆ," ಎಂದರು ಮಾವ. "ಅಷ್ಟಾದ್ರೂ ಮಾಡ್ತು."

ಸ್ಕೂಟರಿನ ಮುಂದಿನ ಡಬ್ಬಿಯನ್ನು ಜಗನ್ನಾಥ್ ತೆಗೆಸಿದರು. ಅಂಟಿನ ಟ್ಯೂಬು, ಕಾಲೇಜಿನಲ್ಲಿ ಕಪ್ಪೆ ಕೊಯ್ಯುವ ಕತ್ತರಿ, ಚಿತ್ರಾನ್ನದ ಟಿಫನ್ ಡಬ್ಬಿ. ಡಬ್ಬಿಗೆ ಒತ್ತಿಕೊಂಡಿದ್ದ ಕರವಸ್ತ್ರದ ಗಂಟು. ಜಗನ್ನಾಥ್ ಅದನ್ನು ಬಿಚ್ಚಿ ನೋಡಿ, ತಕ್ಷಣ ಮುಚ್ಚಿದರು. ಪೊಲೀಸ್ ಕೆಲಸದಲ್ಲಿ ಎಷ್ಟೋ ಕಂಡ ಮನುಷ್ಯ. ಗೋಡೆಯ ಪಕ್ಕಕ್ಕೆ ಹೋಗಿ ಉಗುಳಿ ಬಂದರು.

"ಸಾಯಿಸಬೇಕು ಅಂತ ಇರಲಿಲ್ಲ!" ಚಕ್ರಪಾಣಿ ಕುರ್ಚಿಯಲ್ಲಿ ಕುಸಿದರು. "ಬರೀ ಅರ್ಧ ಗಂಟೆ ಸಾರ್. ಪ್ರದರ್ಶನ ಮುಗಿದ ಮೇಲೆ ಸ್ಪಿರಿಟ್ ಹಚ್ಚಿ ಬಿಡಿಸ್ತಿದ್ದೆ. ಅದು ಒದ್ದಾಡಿಬಿಡ್ತು. ಗಟ್ಟಿಯಾಗಿ ಹಿಡ್ಕೊಂಡೆ... ಹಿಡಿದ ಕೈಯಲ್ಲೇ ಹೋಗ್ಬಿಡ್ತು. ಮಕ್ಕಳು ನೋಡ್ಲಿ ಅಂತ ತಾನೇ ಮಾಡಿದ್ದು? ಮಕ್ಕಳಿಗೋಸ್ಕರ!"

"ಚಾಕೂನೂ ಮಕ್ಕಳಿಗೋಸ್ಕರ ಬುಟ್ಟಿಗೆ ಹಾಕಿದ್ರಾ?" ನಾನು ಕೇಳಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವರು ತಲೆ ಎತ್ತಲಿಲ್ಲ. "ಹೇಗಿದ್ರೂ ಎಲ್ಲರೂ ಅವಳನ್ನೇ ಅಂದ್ಕೋತಾರೆ ಅಂತ..."

"ಅಂದ್ಕೊಳ್ಳೋ ಹಾಗೆ ಹೋದ ವಾರವೇ ನೀವು ಹೇಳಿಕೊಟ್ಟಿದ್ರಲ್ಲ," ಎಂದರು ಮಾವ.

ಗೋಪೀನಾಥ್ ಮಾವನನ್ನು ಮೂಲೆಗೆ ಕರೆದು ಪಿಸುಗುಟ್ಟಿದರು. "ಸಾರ್, ಇದು ಹೊರಗೆ ಹೋಗೋದು ಬೇಡ. ಆಕಸ್ಮಿಕ ಅಂತ ಬರ್ಸೋಣ. ಆ ಮುದುಕೀನ ಬಿಡಿಸೋಣ, ಅವಳಿಗೆ ಏನಾದ್ರೂ ಕೊಟ್ಟು ಸಮಾಧಾನ ಮಾಡೋಣ. ಮೇಷ್ಟ್ರ ಭವಿಷ್ಯ ಇದೆ, ಸಂಸ್ಥೆ ಹೆಸರಿದೆ—"

"ಆ ಮುದುಕೀಗೂ ಒಂದು ಹೆಸರಿದೆ ಕಣ್ರೀ," ಎಂದರು ಮಾವ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಮುನಿತಾಯಮ್ಮ. ಜಗನ್ನಾಥ್, ಆಕೇನ ಇಲ್ಲಿಗೇ ವಾಪಸ್ ಕರ್ಕೊಂಡು ಬರೋಕೆ ಹೇಳಿ. ಎಲ್ಲರೆದುರು ಕರ್ಕೊಂಡು ಹೋದ್ರಲ್ಲ, ಎಲ್ಲರೆದುರೇ ಇಳಿಸಬೇಕು."

ಜೀಪು ಮರಳಿ ಬಂದಾಗ ಹೆಚ್ಚಿನ ಸಂಸಾರಗಳು ಇನ್ನೂ ಅಲ್ಲೇ ಇದ್ದವು. ಬೆಡ್‌ಶೀಟು ಹಾಸಿಕೊಂಡು ಪುಳಿಯೋಗರೆ ತಿನ್ನುತ್ತಿದ್ದರು. ಸುದ್ದಿ ಆಗಲೇ ಹರಡಿತ್ತು. ಶಾಲು ಹೊದ್ದ ಆ ಹೆಂಗಸು ಈಗ, "ನನಗೆ ಮೊದಲೇ ಅನ್ನಿಸಿತ್ತು, ಆ ಮನುಷ್ಯನ ಮುಖದಲ್ಲೇ ಏನೋ ಇತ್ತು," ಎಂದು ಪಕ್ಕದವರಿಗೆ ಹೇಳುತ್ತಿದ್ದರು. ತುತ್ತು ಇನ್ನೂ ಬಾಯಲ್ಲೇ ಇತ್ತು.

ಮುನಿತಾಯಮ್ಮ ಇಳಿದಳು. ಅದೇ ಜೀಪಿಗೆ ಹತ್ತಲು ಚಕ್ರಪಾಣಿ ಕಾದು ನಿಂತಿದ್ದರು, ಪಕ್ಕದಲ್ಲಿ ಕಾನ್‌ಸ್ಟೇಬಲ್. ಅವಳು ಎದುರಿಗೆ ಬಂದು ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಸ್ವಾಮಿ," ಎಂದಳು, "ನೀವು ಪಾಠ ಹೇಳುವಾಗ ನಾನೂ ಪೊರಕೆ ನಿಲ್ಸಿ ಕೇಳ್ತಿದ್ದೆ. ಕಂಬಳಿಹುಳ ಗೂಡು ಕಟ್ಕೊಂಡು ಚಿಟ್ಟೆ ಆಗ್ತದೆ ಅಂದ್ರಲ್ಲ, ನಮ್ಮನೆ ಮೊಮ್ಮಕ್ಕಳಿಗೆಲ್ಲ ಹೇಳಿದೀನಿ. ಮೇಷ್ಟ್ರು ಹೇಳಿದ್ದು ಅಂತಾನೇ ಹೇಳಿದೀನಿ."

ಕಾನ್‌ಸ್ಟೇಬಲ್ ಚಕ್ರಪಾಣಿಯವರ ರಟ್ಟೆ ಹಿಡಿದು ಮೇಲೆ ಹತ್ತಿಸಿದ. ಜೀಪು ಕೆಂಪು ಧೂಳೆಬ್ಬಿಸಿಕೊಂಡು ಮೈಸೂರು ರಸ್ತೆಯ ಕಡೆ ಹೊರಟಿತು.

ಗೋಪೀನಾಥ್ ಕೈ ಮುಗಿಯುತ್ತ ಬಂದರು. "ಏನೂ ಮನಸ್ಸಲ್ಲಿ ಇಟ್ಕೋಬೇಡಮ್ಮ..."

ಅವಳು ಅವರನ್ನು ನೋಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಚಿಕ್ಕಣ್ಣನ ಕಡೆ ತಿರುಗಿದಳು.

"ಜಿಂಕೆಗೆ ಸೊಪ್ಪು ಯಾರಾದ್ರೂ ಹಾಕಿದ್ರೇನಪ್ಪ?"

ಚಿಕ್ಕಣ್ಣ ನನ್ನ ಮುಖ ನೋಡಿದ. ನಾನು ಮಾವನ ಮುಖ ನೋಡಿದೆ. ಅಷ್ಟೊಂದು ಜನ ಪ್ರಾಣಿಗಳ ಬಗ್ಗೆ ತಿಳಿದುಕೊಳ್ಳಲು ಬಂದಿದ್ದರು.

ಯಾರೂ ಹಾಕಿರಲಿಲ್ಲ.